ತಂದೆಯವರಲ್ಲ, ಅಪ್ಪ

ಅಪ್ಪ ಸತ್ತ ಮೂರನೆಯ ದಿನ ಕೇರಿಯ ಹುಡುಗರು ಮನೆಗೆ ಬಂದರು. ಬಸ್‌ಸ್ಟಾಪಿನ ಹತ್ತಿರ ಒಂದು ಫ್ಲೆಕ್ಸ್ ಕಟ್ಟಿಸೋಣ ಅಂತ. ಮ್ಯಾಟರು ಕೂಡ ತಂದಿದ್ದರು. ಪ್ರಿಂಟಿನ ಅಂಗಡಿಯವನ ಕಂಪ್ಯೂಟರಿನಲ್ಲಿ ಸಾವಿಗೆ ಅಂತಲೇ ಒಂದು ಮ್ಯಾಟರು ಸಿದ್ಧ ಇರುತ್ತದಂತೆ, ಹೆಸರು ಫೋಟೋ ಬದಲಾಯಿಸಿದರೆ ಆಯಿತು. 'ನಮ್ಮ ಪೂಜ್ಯ ತಂದೆಯವರು ದೈವಾಧೀನರಾದರೆಂದು ತಿಳಿಸಲು ವಿಷಾದಿಸುತ್ತೇವೆ. ದುಃಖತಪ್ತ ಧರ್ಮಪತ್ನಿ, ಮಕ್ಕಳು ಹಾಗೂ ಬಂಧುಮಿತ್ರರು.' ನಾವು ಇದನ್ನು ಗಟ್ಟಿಯಾಗಿ ಓದಿದೆವು. ಮೂಲೆಯಲ್ಲಿ ಕೂತಿದ್ದ ಅವ್ವ ತಲೆ ಎತ್ತಿ, 'ಇದ್ಯಾರ ಮನೆ ಸಾವ್ಲಾ?' ಅಂದಳು.

ಇದಕ್ಕಿಂತ ಒಳ್ಳೆಯ ವಿಮರ್ಶೆಯನ್ನು ನಾವು ಎಂ.ಎ. ತರಗತಿಯಲ್ಲಿ ಕೇಳಿಲ್ಲ. ಅಪ್ಪನನ್ನು ನಾವು ಬದುಕಿನಲ್ಲಿ ಒಂದು ದಿನವೂ ತಂದೆಯವರೇ ಅಂದವರಲ್ಲ. ಅವ್ವ ಯಾರಿಗೂ ಧರ್ಮಪತ್ನಿ ಆಗಿದ್ದವಳಲ್ಲ. ಅವರ ಮದುವೆಯಲ್ಲಿ ಯಾವ ಧರ್ಮ ಬಂದು ಕೂತಿತ್ತೋ ನಮಗೆ ತಿಳಿಯದು. ದೇವಸ್ಥಾನದೊಳಕ್ಕೆ ಕಾಲಿಡದೆ ಸತ್ತ ಮನುಷ್ಯ ಸತ್ತ ಮೇಲೆ ದೈವದ ಅಧೀನಕ್ಕೆ ಹೇಗೆ ಹೋಗುತ್ತಾನೆ? ಬದುಕಿದ್ದಾಗ ಒಳಗೆ ಬಿಡದ ದೈವ ಹೆಣವನ್ನು ಮಾತ್ರ ಕರೆದು ಕೂರಿಸಿಕೊಳ್ಳುತ್ತದೆಯೆ? ಹುಡುಗರ ತಪ್ಪೇನೂ ಇಲ್ಲ. ಊರಿನವರ ಸಾವು ಫ್ಲೆಕ್ಸ್ ಮೇಲೆ ಬಂದ ಹಾಗೆ ನಮ್ಮವರ ಸಾವೂ ಬರಲಿ ಅನ್ನುವ ಅವರ ಆಸೆಯಲ್ಲಿ ಒಂದು ಛಲ ಇದೆ. ಆದರೆ ಛಲ ನಮ್ಮದು, ಮಾತು ಅವರದು. ಸಾಲ ತಂದ ಅಂಗಿ ತೊಟ್ಟು ಫೋಟೋ ತೆಗೆಸಿಕೊಂಡ ಹಾಗೆ.

ಆ ಫ್ಲೆಕ್ಸ್ ಕಟ್ಟಲಿಲ್ಲ. ಬೇರೆ ಮಾತು ಬರೆಯುತ್ತೇವೆ ಅಂತ ಹೇಳಿ ನಾವು ಕೂತೆವು. ಕೂತವರಿಗೆ ಒಂದು ಸಾಲೂ ಹುಟ್ಟಲಿಲ್ಲ. ಪದ್ಯ ಬರೆಯುತ್ತೇವೆ ಅಂತ ನಾಲ್ಕು ಜನರ ಮುಂದೆ ಎದೆ ಸೆಟೆಸುವ ನಮಗೆ ಅಪ್ಪನ ಮೇಲೆ ನಾಲ್ಕು ಸಾಲು ಬರೆಯಲು ಭಾಷೆ ಇರಲಿಲ್ಲ. ಆಮೇಲೆ ನಾವು ಮಾಡಿದ ಕೆಲಸ ಅಂದರೆ, ನಮ್ಮ ಜನ ತಮ್ಮ ಅಪ್ಪಂದಿರನ್ನು ಹೇಗೆ ಬರೆದಿದ್ದಾರೆ ಅಂತ ಹುಡುಕಿ ಓದಿದ್ದು. ಈ ಲೇಖನ ಆ ಓದಿನದು. ಅಪ್ಪನ ಮಾತು ನಡುನಡುವೆ ನುಗ್ಗಿದರೆ ಓದುಗ ಗೆಳೆಯರು ಸಹಿಸಿಕೊಳ್ಳಬೇಕು.

ಮೊದಲಿಗೆ ಒಂದು ಜಗಳ. ನವ್ಯರ ಕತೆ ಕಾದಂಬರಿಗಳಲ್ಲಿ ಮಗ ಅಪ್ಪನ ಮೇಲೆ ಬಂಡೇಳುತ್ತಾನೆ. ಅಪ್ಪ ಅಂದರೆ ಅಲ್ಲಿ ಅಧಿಕಾರ, ಜಮೀನು, ಪೂಜೆಯ ಕೋಣೆ, ಮನೆತನದ ಹೆಸರು. ಮಗ ಜನಿವಾರ ಕಿತ್ತೆಸೆದರೆ ಒಂದು ಅಧ್ಯಾಯ ಮುಗಿಯುತ್ತದೆ. ಕಾಲೇಜಿನಲ್ಲಿ ಇದನ್ನೆಲ್ಲ ಓದುವಾಗ ನಾವೂ ಹೌದು ಹೌದು ಅಂದುಕೊಂಡೆವು, ಪರೀಕ್ಷೆಯಲ್ಲೂ ಬರೆದೆವು, ನಂಬರೂ ಬಂತು. ಆದರೆ ರಜೆಗೆ ಊರಿಗೆ ಬಂದರೆ ಅಪ್ಪ ಆಲೆಮನೆಯ ಒಲೆಗೆ ಸೋಗೆ ತುಂಬುತ್ತ, ಹುಬ್ಬಿನ ಕೂದಲು ಸುಟ್ಟುಕೊಂಡು, 'ಏನ್ ಸಾಹೇಬ್ರು ಬಂದ್ರಾ' ಅಂತ ನಗುತ್ತಿದ್ದ. ಇವನ ಮೇಲೆ ಏನಂತ ಬಂಡೇಳುವುದು? ಕಿತ್ತೆಸೆಯಲು ಅವನ ಮೈಮೇಲೆ ಒಂದು ದಾರವೂ ಇರಲಿಲ್ಲ. ಅಪ್ಪನ ಕೈಯಲ್ಲಿ ಇಲ್ಲದ ಅಧಿಕಾರದ ವಿರುದ್ಧ ಮಗ ಹೋರಾಡುವುದು ನಮ್ಮ ಅನುಭವವಲ್ಲ. ಅವನ ಕೈಯಿಂದ ಕಸಿದುಕೊಂಡದ್ದು ಏನೇನು ಅನ್ನುವ ಲೆಕ್ಕ ನಮ್ಮದು.

ಆ ಲೆಕ್ಕವನ್ನು ಕನ್ನಡದಲ್ಲಿ ಒಂದೇ ಚಿತ್ರದಲ್ಲಿ ಹೇಳಿದವರು ಸಿದ್ಧಲಿಂಗಯ್ಯ. 'ಊರುಕೇರಿ'ಯ ಮೊದಲಿಗೇ ಬರುವ ಆ ಹೊಲವನ್ನು ಓದಿದವರು ಮರೆಯಲಾರರು. ಎತ್ತುಗಳ ಜಾಗದಲ್ಲಿ ಇಬ್ಬರು ಮನುಷ್ಯರು ನೊಗಕ್ಕೆ ಹೆಗಲು ಕೊಟ್ಟಿದ್ದಾರೆ, ಇನ್ನೊಬ್ಬ ಹಿಂದಿನಿಂದ ಉಳುತ್ತಿದ್ದಾನೆ. ಹುಡುಗ ನೋಡುತ್ತಾನೆ. ಆ ಇಬ್ಬರಲ್ಲಿ ಒಬ್ಬ ಅವನ ಅಪ್ಪ. ಸಿದ್ಧಲಿಂಗಯ್ಯನವರು ಇಲ್ಲಿ ಕೂಗುವುದಿಲ್ಲ, ಎದೆ ಬಡಿದುಕೊಳ್ಳುವುದಿಲ್ಲ. ಹೇಳಿ ಮುಂದಕ್ಕೆ ಹೋಗಿಬಿಡುತ್ತಾರೆ. ಮುಂದೆ ಪುಸ್ತಕದ ತುಂಬ ನಗೆ. ಇದೇನು, ಹಸಿವಿನ ಕತೆಯಲ್ಲಿ ಇಷ್ಟು ನಗುವೆ ಅಂತ ಹುಬ್ಬೇರಿಸಿದವರು ಆಗಲೂ ಇದ್ದರು, ಈಗಲೂ ಇದ್ದಾರೆ. ಅವರಿಗೆ ನಮ್ಮ ಕೇರಿಯ ಪರಿಚಯ ಇಲ್ಲ ಅಂತಷ್ಟೆ ಹೇಳಬಹುದು. ಸಾವಿನ ಮನೆಯಲ್ಲೂ ತಮಟೆಯ ಗತ್ತಿಗೆ ಕಾಲು ಕುಣಿಸುವ ಜನ ನಾವು.

ಆದರೂ ಈ ನೊಗದ ಚಿತ್ರದ ಆಮೇಲೆ ನಮ್ಮಲ್ಲಿ ಒಂದು ಅಭ್ಯಾಸ ಬೆಳೆಯಿತು. ನಮ್ಮ ಪದ್ಯಗಳಲ್ಲಿ ಅಪ್ಪ ಅಂದರೆ ಬಾಗಿದ ಬೆನ್ನು, ಬಿರುಕು ಬಿಟ್ಟ ಹಿಮ್ಮಡಿ, ಬೆವರು, ರಕ್ತ. ನಮ್ಮವೇ ಹತ್ತು ಪದ್ಯ ತೆಗೆದು ನೋಡಿದೆವು, ಒಂಬತ್ತರಲ್ಲಿ ಅಪ್ಪನಿಗೆ ಬೆನ್ನು ಮಾತ್ರ ಇದೆ, ಮುಖವಿಲ್ಲ. ಸಿದ್ಧಲಿಂಗಯ್ಯನವರಿಗೆ ಅದು ಕಂಡ ಹೊಲ. ನಮಗೆ ಅದು ಓದಿದ ಹೊಲ. ಕಂಡದ್ದನ್ನು ಬಿಟ್ಟು ಓದಿದ್ದನ್ನು ಬರೆದರೆ ಅಪ್ಪ ಮತ್ತೊಮ್ಮೆ ಎತ್ತೇ ಆಗುತ್ತಾನೆ, ಈ ಸಲ ನೊಗ ಹೂಡುವವರು ನಾವು.

ನಮ್ಮಪ್ಪನ ಬೆನ್ನು ಬಾಗಿರಲಿಲ್ಲ. ಅವನು ಕಬ್ಬು ಕಡಿದ, ಆಲೆಮನೆಯಲ್ಲಿ ದುಡಿದ, ಜಾತ್ರೆಯಲ್ಲಿ ತಮಟೆ ಬಡಿದ. ಆದರೆ ಸುಮ್ಮನೆ ಕೂತದ್ದನ್ನು ನಾವು ನೋಡಿಲ್ಲ. ಒಂದು ಹಳೇ ಸೈಕಲ್ ಇತ್ತು, ಅದನ್ನು ತಿಂಗಳಿಗೆ ಒಂದು ಸಲ ಪೂರಾ ಬಿಚ್ಚಿ ಮತ್ತೆ ಜೋಡಿಸುತ್ತಿದ್ದ, ಅದು ಕೆಟ್ಟಿರಬೇಕು ಅಂತೇನೂ ಇರಲಿಲ್ಲ. ಕೇರಿಯ ಕೊಡೆ, ರೇಡಿಯೋ, ಟಾರ್ಚು ಎಲ್ಲ ನಮ್ಮ ಜಗಲಿಗೆ ಬರುತ್ತಿದ್ದವು. ಕೆಲವು ರಿಪೇರಿಯಾಗಿ ಹೋಗುತ್ತಿದ್ದವು, ಕೆಲವು ಇನ್ನೂ ನಮ್ಮ ಅಟ್ಟದ ಮೇಲಿವೆ. ಸಾಕ್ಷರತಾ ಆಂದೋಲನದ ರಾತ್ರಿ ಶಾಲೆಯಲ್ಲಿ ತನ್ನ ಹೆಸರು ಬರೆಯಲು ಕಲಿತ ಮೇಲೆ ಸೈಕಲ್ಲಿನ ಮಡ್‌ಗಾರ್ಡಿನಿಂದ ಹಿಡಿದು ತಮಟೆಯ ಬಳೆಯವರೆಗೆ ಸಿಕ್ಕಿದ ಕಡೆಯೆಲ್ಲ ಮೊಳೆಯಲ್ಲಿ ಹೆಸರು ಕೊರೆದ. ಗೌಡರ ಮನೆಯ ಕುಡುಗೋಲಿನ ಹಿಡಿಯ ಮೇಲೂ ಕೊರೆದು ಬೈಸಿಕೊಂಡ. ಇವನು ನಮ್ಮ ಯಾವ ಪದ್ಯದಲ್ಲಿದ್ದಾನೆ?

ಇಂಥ ಒಬ್ಬ ಅಪ್ಪ ಸಿಕ್ಕಿದ್ದು ಮರಾಠಿಯ ಪುಸ್ತಕದಲ್ಲಿ. ನರೇಂದ್ರ ಜಾಧವ್ ಬರೆದ 'ಆಮ್‌ಚಾ ಬಾಪ್ ಆನ್ ಆಮ್ಹಿ', 1993ರಲ್ಲಿ ಬಂದದ್ದು. ಆಮೇಲೆ ಇಂಗ್ಲಿಷಿಗೂ ಬಂತು. ಹೆಸರನ್ನೇ ಮೊದಲು ನೋಡಬೇಕು. ನಮ್ಮಪ್ಪ ಮತ್ತು ನಾವು ಅಂತ ಅರ್ಥ. ಮರಾಠಿಯಲ್ಲಿ ಮರ್ಯಾದಸ್ಥರು ವಡೀಲ್ ಅನ್ನುತ್ತಾರೆ, ಅದು ಅವರ 'ತಂದೆಯವರು'. ಬಾಪ್ ಅನ್ನುವುದು ಒರಟು ಮಾತು, ಬೀದಿಯ ಮಾತು. 'ಮತ್ತು' ಅನ್ನುವುದಕ್ಕೆ ಪುಸ್ತಕದ ಮರಾಠಿಯಲ್ಲಿ ಆಣಿ ಅನ್ನಬೇಕು, ಇವರು ಆನ್ ಅಂತ ಆಡುವ ಹಾಗೇ ಬರೆದರು. ಅರ್ಥಶಾಸ್ತ್ರದ ವಿದ್ವಾಂಸ, ರಿಸರ್ವ್ ಬ್ಯಾಂಕಿನಲ್ಲಿ ದೊಡ್ಡ ಹುದ್ದೆ, ಮುಂದೆ ಪುಣೆ ವಿಶ್ವವಿದ್ಯಾಲಯದ ಕುಲಪತಿ. ಅವರಿಗೆ ಶಿಷ್ಟ ಮರಾಠಿ ಬರುತ್ತಿರಲಿಲ್ಲವೆ? ಬರುತ್ತಿತ್ತು. ಅಪ್ಪನಿಗೆ ಅದು ಒಪ್ಪುತ್ತಿರಲಿಲ್ಲ. ನಮ್ಮ ಫ್ಲೆಕ್ಸಿಗೆ ಇಲ್ಲದ ಬುದ್ಧಿ ಆ ಮೂರು ನಾಲ್ಕು ಶಬ್ದಕ್ಕಿದೆ.

ಅಪ್ಪನ ಹೆಸರು ದಾಮು, ಅವ್ವ ಸೋನು. ನಾಸಿಕ ಜಿಲ್ಲೆಯ ಓಝರ್ ಊರು. ದಾಮುವಿನದು ಯಸ್ಕರ್ ಚಾಕರಿ. ಮಹಾರರ ಮನೆಗಳ ಮೇಲೆ ಸರದಿಯಂತೆ ಬರುತ್ತಿದ್ದ ಊರ ಬಿಟ್ಟಿ. ಸಾಹೇಬರ ಗಾಡಿಯ ಮುಂದೆ ಓಡಬೇಕು, ಸಾವಿನ ಸುದ್ದಿ ಹೊರಬೇಕು, ಹೆಣ ಕಾಯಬೇಕು. ನಮ್ಮ ಕಡೆಯ ಹಿರಿಯರಿಗೆ ಇದನ್ನು ಬಿಡಿಸಿ ಹೇಳಬೇಕಾಗಿಲ್ಲ, ತೋಟಿ, ತಳವಾರ, ನೀರಗಂಟಿ ಅಂದರೆ ಸಾಕು. ಕಾಗದದ ಮೇಲೆ ಅಲ್ಲಿ 1958ರ ಕಾಯಿದೆ ಬಂತು, ಇಲ್ಲಿ 1961ರ ಕಾಯಿದೆ ಬಂತು. ಅಂಬೇಡ್ಕರರು ಮುಂಬಯಿ ಶಾಸನಸಭೆಯಲ್ಲಿ ವತನದ ಕಾಯಿದೆಗೆ ತಿದ್ದುಪಡಿ ತಂದದ್ದು 1928ರಲ್ಲಿ. ಮೂವತ್ತು ವರ್ಷ ಬೇಕಾಯಿತು ಒಂದು ಬಿಟ್ಟಿ ಚಾಕರಿಗೆ ಕಾಗದದ ಮೇಲೆ ಸಾಯಲು.

ಬಾವಿಯಲ್ಲಿ ಒಂದು ಹೆಣ. ದಾಮು ಅದನ್ನು ಕಾಯುವ ಸರದಿಯಲ್ಲಿದ್ದಾನೆ. ಅನ್ನ ನೀರಿಲ್ಲದೆ ಕಾದ ಮೇಲೆ ಪೊಲೀಸ್ ಫೌಜ್ದಾರ ಬಂದು ಬಾವಿಗಿಳಿದು ಹೆಣ ಎತ್ತು ಅನ್ನುತ್ತಾನೆ. ದಾಮು ಎತ್ತುವುದಿಲ್ಲ ಅನ್ನುತ್ತಾನೆ. ಏಟು ಬೀಳುತ್ತವೆ. ಆ ಏಟಿನ ಮೈಯಲ್ಲೇ ಸೋನುವನ್ನು ಕರೆದುಕೊಂಡು ಊರು ಬಿಟ್ಟು ಮುಂಬಯಿಗೆ ಹೊರಡುತ್ತಾನೆ. ಪುಸ್ತಕದ ಜೀವ ಇರುವುದು ಇಲ್ಲಿ. ಗಮನಿಸಿ, ದಾಮು ಯಾವ ಭಾಷಣ ಕೇಳಿಯೂ ಇಲ್ಲ ಅನ್ನಲಿಲ್ಲ. ಅವನ ಮೈ ಇಲ್ಲ ಅಂದಿತು. ಮುಂದೆ ಅಂಬೇಡ್ಕರರ ಚಳವಳಿ ಅವನಿಗೆ ಸಿಕ್ಕಿದಾಗ, 1930ರ ಮಾರ್ಚಿನಲ್ಲಿ ಶುರುವಾದ ನಾಸಿಕದ ಕಾಳಾರಾಮ ಸತ್ಯಾಗ್ರಹಕ್ಕೆ ಅವನು ಹೊರಟಾಗ, ಅದು ಹೊರಗಿನಿಂದ ಬಂದ ಉಪದೇಶದ ಹಾಗೆ ಕಾಣುವುದಿಲ್ಲ. ಮೊದಲೇ ಎದೆಯಲ್ಲಿದ್ದ ಮಾತನ್ನು ಒಬ್ಬರು ಗಟ್ಟಿಯಾಗಿ ಹೇಳಿಕೊಟ್ಟ ಹಾಗೆ ಕಾಣುತ್ತದೆ. ಚಳವಳಿಯವರು ಜನರಿಗೆ ಅರಿವು ಹಂಚುತ್ತಾರೆ ಅಂತ ನಂಬಿಕೊಂಡಿರುವ ನಮ್ಮಂಥ ಡಿಗ್ರಿಯವರು ಈ ಭಾಗವನ್ನು ಎರಡು ಸಲ ಓದಬೇಕು.

ಇದಕ್ಕಿಂತ ನಮಗೆ ಹತ್ತಿರವಾದದ್ದು ಒಂದು ಸಣ್ಣ ಸಂಗತಿ. ಪೋರ್ಟ್ ಟ್ರಸ್ಟಿನ ಕೆಲಸದಿಂದ ನಿವೃತ್ತನಾದ ಮೇಲೆ ದಾಮುವಿಗೆ ಕೈ ಸುಮ್ಮನಿರುವುದಿಲ್ಲ. ಮನೆಯಲ್ಲಿ ಸಿಕ್ಕಿದ್ದನ್ನೆಲ್ಲ ರಿಪೇರಿ ಮಾಡಲು ಹೊರಡುತ್ತಾನೆ, ಮನೆಯವರಿಗೆ ಸಾಕುಸಾಕಾಗುತ್ತದೆ. ಈ ಮನುಷ್ಯನಿಗೆ ಏನಾದರೂ ಕೆಲಸ ಕೊಡಬೇಕು ಅಂತ ಮಗ, ನಿನ್ನ ಬದುಕನ್ನು ಬರೆ ಅಂತ ಹೇಳುತ್ತಾನೆ. ಅಷ್ಟಿಷ್ಟು ಅಕ್ಷರ ಬಲ್ಲ ಮುದುಕ ಬರೆಯುತ್ತಾನೆ. ಆ ಬರಹವೇ ಈ ಪುಸ್ತಕದ ಬೇರು. ಇದನ್ನು ಓದಿದ ರಾತ್ರಿ ನಾವು ಅಟ್ಟ ಹತ್ತಿ ಅಪ್ಪ ಬಿಚ್ಚಿಟ್ಟು ಜೋಡಿಸದೆ ಬಿಟ್ಟ ರೇಡಿಯೋ ಕೆಳಗಿಳಿಸಿದೆವು. ನಮ್ಮಪ್ಪನಿಗೆ ನಾವು ಒಂದು ನೋಟ್‌ಬುಕ್ ಕೊಡಲಿಲ್ಲ. ಕೊಡಬೇಕು ಅಂತ ಹೊಳೆಯಲೂ ಇಲ್ಲ.

ಚಟುವಟಿಕೆ ಅನ್ನುವ ಮಾತನ್ನು ನಾವು ಸ್ವಲ್ಪ ತಿರುಗಿಸಿ ನೋಡಬೇಕು. ಅಪ್ಪನ ಹೆಣದ ಮುಂದೆ ನಿಂತು ಊರಿನ ಗೌಡರೂ ಹೊಗಳಿದರು. 'ಒಳ್ಳೆ ಚುರುಕಾದ ಆಳು ಕಣ್ರೋ, ಮೂರಾಳಿನ ಕೆಲ್ಸ ಒಬ್ನೇ ಮಾಡ್ತಿದ್ದ' ಅಂದರು. ಅವರ ಕಣ್ಣಲ್ಲಿ ನೀರೂ ಇತ್ತು, ಅದು ಸುಳ್ಳು ನೀರು ಅಂತ ನಾವು ಹೇಳುವುದಿಲ್ಲ. ಆದರೆ ಮೂರಾಳಿನ ಕೆಲಸಕ್ಕೆ ಒಂದಾಳಿನ ಕೂಲಿ ಕೊಟ್ಟವರು ನೆನೆಯುವ ಚುರುಕು ಬೇರೆ, ನಾವು ನೆನೆಯಬೇಕಾದ ಚುರುಕು ಬೇರೆ. ಸತ್ತವರು ಶ್ರಮಜೀವಿ, ಕಷ್ಟಸಹಿಷ್ಣು ಅಂತ ನಮ್ಮವರೇ ಬರೆಯುವ ಸಂಸ್ಮರಣೆಗಳನ್ನು ಓದಿದಾಗ ನಮಗೆ ಗೌಡರ ದನಿ ಕೇಳುತ್ತದೆ. ದುಡಿಯುವ ಎತ್ತನ್ನೂ ಹಾಗೇ ಹೊಗಳುತ್ತಾರೆ. ಅಪ್ಪನ ಮೈಯಲ್ಲಿ ಯಾರೂ ಕೂಲಿ ಕೊಟ್ಟು ಕೊಳ್ಳಲಾಗದ ಒಂದು ಕಸುವು ಇತ್ತು. ಹಗಲೆಲ್ಲ ಕಬ್ಬು ಕಡಿದು ಬಂದು ರಾತ್ರಿ ಹನ್ನೊಂದರವರೆಗೆ ಹುಡುಗರಿಗೆ ತಮಟೆಯ ಗತ್ತು ಹೇಳಿಕೊಡುತ್ತಿದ್ದ. ನಮ್ಮನ್ನು ಕ್ಯಾರಿಯರಿನ ಮೇಲೆ ಕೂರಿಸಿಕೊಂಡು ಹೈಸ್ಕೂಲಿಗೆ ಬಿಡುವಾಗ ಬಸ್ಸಿನ ಜೊತೆ ಪಂದ್ಯ ಕಟ್ಟುತ್ತಿದ್ದ, ಒಂದು ದಿನವೂ ಗೆಲ್ಲಲಿಲ್ಲ. ದಾಮು ಮುರಿದ ಕುರ್ಚಿ ಜೋಡಿಸಲು ಕೂರುವುದರಲ್ಲಿ ಇರುವುದು ಈ ಕಸುವು. ಯಾವ ಯಜಮಾನನಿಗೂ ಅದರಿಂದ ಲಾಭವಿಲ್ಲ.

ಇಷ್ಟು ಹೇಳಿದ ಮೇಲೆ ಜಾಧವರ ಪುಸ್ತಕದ ಜೊತೆ ನಮ್ಮ ತಕರಾರೂ ಹೇಳಬೇಕು. ಏನಾದರೂ ಆಗಿ, ಆದರೆ ಆ ಕೆಲಸದಲ್ಲಿ ಎಲ್ಲರಿಗಿಂತ ಮೇಲಾಗಿ ಅಂತ ದಾಮು ಮಕ್ಕಳಿಗೆ ಹೇಳುತ್ತಾನೆ. ಮಕ್ಕಳು ಆಗುತ್ತಾರೆ. ಒಬ್ಬ ಮಗ ಐ.ಎ.ಎಸ್., ಕೊನೆಯ ಮಗ ವಿದೇಶದಲ್ಲಿ ಓದಿ ಬಂದು ಅರ್ಥಶಾಸ್ತ್ರಜ್ಞ. ಸಂತೋಷ. ನಮ್ಮ ಹುಡುಗರಿಗೆ ಇದು ಧೈರ್ಯ ಕೊಡುತ್ತದೆ, ಹಳ್ಳಿಯ ಮೇಷ್ಟ್ರುಗಳು ತರಗತಿಯಲ್ಲಿ ಈ ಕತೆ ಹೇಳಬೇಕು. ಆದರೆ ಪುಸ್ತಕ ಮುಂದೆ ಹೋದ ಹಾಗೆ ಅಪ್ಪ ಏಣಿ ಆಗುತ್ತಾನೆ. ಮಕ್ಕಳು ಹತ್ತಿದ ಎತ್ತರದಿಂದ ಅಪ್ಪನ ಬೆಲೆ ಅಳೆಯುವ ಹಾಗೆ ಆಗುತ್ತದೆ. ನಮ್ಮ ಕೇರಿಯಲ್ಲಿ ದಾಮುವಿನಷ್ಟೇ ಛಲದ ಅಪ್ಪಂದಿರು ಹತ್ತು ಜನ ಇದ್ದಾರೆ. ಅವರ ಮಕ್ಕಳು ಎಸ್ಸೆಸ್ಸೆಲ್ಸಿ ಫೇಲಾಗಿ ಬೆಂಗಳೂರಿನಲ್ಲಿ ಗಾರೆ ಕೆಲಸಕ್ಕೆ, ಸೆಕ್ಯೂರಿಟಿ ಕೆಲಸಕ್ಕೆ ಹೋಗಿದ್ದಾರೆ. ಆ ಅಪ್ಪಂದಿರು ಬಾವಿಗಿಳಿಯಲ್ಲ ಅಂದದ್ದು ವ್ಯರ್ಥವಾಯಿತೆ? ಮಗ ಸಾಹೇಬನಾಗದೆ ಹೋದರೂ ಅಪ್ಪನ 'ಇಲ್ಲ'ಕ್ಕೆ ಅದರದೇ ತೂಕ ಇದೆ.

ಲೆಕ್ಕದ ಮಾತು ಬಂದಾಗ ಇನ್ನೊಬ್ಬ ಅಪ್ಪ ನೆನಪಾಗುತ್ತಾರೆ. ಸುಭೇದಾರ್ ರಾಮಜಿ ಸಕ್ಪಾಲ್. ಭೀಮರಾಯರ ಅಪ್ಪ. ಧನಂಜಯ ಕೀರ್ ಬರೆದ ಜೀವನಚರಿತ್ರೆಯಲ್ಲಿ ಈ ಮುದುಕನ ಓಡಾಟ ಇದೆ. ಮಗನನ್ನು ಓದಲು ಎಬ್ಬಿಸಬೇಕು ಅಂತ ರಾತ್ರಿ ಎರಡು ಗಂಟೆಯವರೆಗೆ ತಾನೇ ಎದ್ದು ಕೂತಿರುವುದು, ಮಗ ಕೇಳಿದ ಪುಸ್ತಕಕ್ಕೆ ದುಡ್ಡಿಲ್ಲದೆ ಮದುವೆಯಾದ ಮಗಳ ಮನೆಗೆ ಓಡಿ ಒಡವೆ ತಂದು ಅಡವಿಟ್ಟು ಪುಸ್ತಕ ತರುವುದು. ಈ ಕತೆಯನ್ನು ನಾವು ಪ್ರತಿ ಏಪ್ರಿಲ್ 14ರಂದು ಹೇಳುತ್ತೇವೆ. ಹೇಳದೆ ಬಿಡುವುದು ಒಂದಿದೆ. ಬಾಬಾಸಾಹೇಬರು 1923ರಲ್ಲಿ ರೂಪಾಯಿಯ ಸಮಸ್ಯೆಯ ಮೇಲೆ ಇಂಗ್ಲಿಷಿನಲ್ಲಿ ಬರೆದ ದೊಡ್ಡ ಗ್ರಂಥವನ್ನು ಅರ್ಪಿಸಿದ್ದು ಅಪ್ಪ ಅವ್ವನ ನೆನಪಿಗೆ. ಚಿನ್ನ, ಬೆಳ್ಳಿ, ನಾಣ್ಯ, ಸರ್ಕಾರದ ಖಜಾನೆ ಇವುಗಳ ಮೇಲೆ ಬರೆದ ಪುಸ್ತಕದ ಬಾಗಿಲಲ್ಲಿ, ಮಗಳ ಒಡವೆ ಅಡವಿಟ್ಟ ಅಪ್ಪ ನಿಂತಿದ್ದಾನೆ. ಅಕ್ಕಂದಿರ ಒಡವೆ ತಿರುಗಿ ಅವರ ಕೊರಳಿಗೆ ಬಂತೆ ಅಂತ ಕೇಳುವವರನ್ನು ಮಾತ್ರ ನಾವು ಯಾವ ಜಯಂತಿಯಲ್ಲೂ ಕಾಣಲಿಲ್ಲ.

ಅಂಬೇಡ್ಕರರು ತಾವೇ ಬರೆದ ಬಾಲ್ಯದ ನೆನಪಿನಲ್ಲಿ ರಾಮಜಿ ಹೆಚ್ಚಾಗಿ ಇಲ್ಲದಿರುವುದರ ಮೂಲಕ ಬರುತ್ತಾರೆ. ಅಪ್ಪ ಕೋರೇಗಾಂವಿನಲ್ಲಿ ಕ್ಯಾಷಿಯರ್. ಮಕ್ಕಳು 1901ರಲ್ಲಿ ಹೊಸ ಬಟ್ಟೆ ತೊಟ್ಟು ರೈಲಿನಲ್ಲಿ ಅಪ್ಪನನ್ನು ನೋಡಲು ಹೊರಡುತ್ತಾರೆ. ಕಾಗದ ಬಂದ ಸುದ್ದಿಯನ್ನು ಆಳು ಹೇಳಲು ಮರೆತಿದ್ದರಿಂದ ಸ್ಟೇಷನ್ನಿಗೆ ಅಪ್ಪ ಬಂದಿರುವುದಿಲ್ಲ. ಜಾತಿ ತಿಳಿದ ಕೂಡಲೆ ಗಾಡಿ ಸಿಗುವುದಿಲ್ಲ, ದಾರಿಯುದ್ದಕ್ಕೂ ನೀರು ಸಿಗುವುದಿಲ್ಲ. ಅಪ್ಪ ಅಂದರೆ ನೆರಳು, ಅಪ್ಪ ಬಂದಿದ್ದರೆ ಹೀಗಾಗುತ್ತಿರಲಿಲ್ಲ ಅನ್ನಿಸುತ್ತದೆ ಓದುವಾಗ. ಆದರೆ ಅಪ್ಪ ಬಂದಿದ್ದರೂ ಆ ಊರಿನ ಬಾವಿಯಲ್ಲಿ ನೀರು ಸಿಗುತ್ತಿತ್ತೆ? ಸೈನ್ಯದಲ್ಲಿ ಸುಭೇದಾರನಾಗಿದ್ದ ಅಪ್ಪನೂ ಆ ಬಾವಿಯ ಮುಂದೆ ಮಗನಷ್ಟೇ ಬಾಯಾರಿದವನು. 1913ರ ಫೆಬ್ರವರಿ 2ರಂದು ಆ ಅಪ್ಪ ಸತ್ತರು. ಬರೋಡಾದಿಂದ ಧಾವಿಸಿ ಬರುತ್ತಿದ್ದ ಮಗ ಅಪ್ಪನಿಗೆ ಸಿಹಿ ಕೊಳ್ಳಲು ಸೂರತ್ತಿನಲ್ಲಿ ಇಳಿದು ರೈಲು ತಪ್ಪಿಸಿಕೊಂಡದ್ದನ್ನು ಕೀರ್ ಬರೆಯುತ್ತಾರೆ. ಮಗ ಬಂದು ಮುಟ್ಟುವವರೆಗೆ ಜೀವ ಹಿಡಿದುಕೊಂಡಿದ್ದರು. ಸಂವಿಧಾನ ಬರೆದವರ ಬದುಕಿನಲ್ಲಿ ಒಂದು ಪೊಟ್ಟಣ ಮಿಠಾಯಿ ಮತ್ತು ತಪ್ಪಿದ ರೈಲು ಇರುವುದು ನಮಗೆ ಯಾವ ಪ್ರತಿಮೆಗಿಂತ ಹೆಚ್ಚು ಬೇಕು.

ಅದೇ ಬಾಬಾಸಾಹೇಬರು ಗಂಡನಾಗಿ, ಅಪ್ಪನಾಗಿ ಹೇಗಿದ್ದರು? ಈ ಪ್ರಶ್ನೆ ಕೇಳಿದರೆ ನಮ್ಮ ಕೆಲವು ಗೆಳೆಯರಿಗೆ ಸಿಟ್ಟು ಬರುತ್ತದೆ. ಯಾಕೆ ಬರಬೇಕು? ಐದು ಮಕ್ಕಳಲ್ಲಿ ನಾಲ್ಕನ್ನು ಕಳೆದುಕೊಂಡರು, ರಾಜರತ್ನ ಅನ್ನುವ ಮಗು 1926ರಲ್ಲಿ ಹೋಯಿತು. ನ್ಯೂಯಾರ್ಕ್, ಲಂಡನ್ ಅಂತ ಅವರು ಓದುತ್ತಿದ್ದ ವರ್ಷಗಳಲ್ಲಿ ಮನೆ ಹಿಡಿದು ನಿಂತವರು ರಮಾಬಾಯಿ. 1935ರ ಮೇ 27ರಂದು ಅವರೂ ಹೋದರು. ಪಾಕಿಸ್ತಾನದ ಪ್ರಶ್ನೆಯ ಮೇಲೆ 1940ರಲ್ಲಿ ಬರೆದ ಪುಸ್ತಕವನ್ನು ಬಾಬಾಸಾಹೇಬರು ರಾಮುವಿನ ನೆನಪಿಗೆ ಕೊಟ್ಟರು. ರಾಮು ಅನ್ನುವ ಮನೆಯ ಹೆಸರನ್ನು ಅಚ್ಚಿನಲ್ಲಿ ಬರೆದರು ಅನ್ನುವುದು ಸಣ್ಣ ಮಾತಲ್ಲ. ನಮ್ಮ ಭಾಷಣಗಳಲ್ಲಿ ಮಾತ್ರ ಆಕೆ ತ್ಯಾಗಮಯಿ, ಮಾತೆ. ತ್ಯಾಗಮಯಿ ಅನ್ನುವುದು ಹೆಂಗಸಿಗೆ ನಾವು ಕಟ್ಟಿಸುವ ಫ್ಲೆಕ್ಸು. ಆಕೆಗೆ ಸಿಟ್ಟು ಬಂದಿದ್ದರೆ, ಆ ಸಿಟ್ಟನ್ನು ಇಡಲು ಆ ಮಾತಿನಲ್ಲಿ ಜಾಗವಿಲ್ಲ.

ಜಾಧವರ ಪುಸ್ತಕದ ಇಂಗ್ಲಿಷ್ ರೂಪದಲ್ಲಿ ದಾಮು ಒಂದು ಭಾಗ ಮಾತಾಡಿದರೆ ಸೋನು ಇನ್ನೊಂದು ಭಾಗ ಮಾತಾಡುತ್ತಾಳೆ. ಇದು ಒಳ್ಳೆಯ ಏರ್ಪಾಟು. ಗಂಡ ಊರು ಬಿಡೋಣ ಅಂದಾಗ ಹೆಂಡತಿಯ ಎದೆಯಲ್ಲಿ ಏನಿತ್ತು ಅನ್ನುವುದು ತಿಳಿಯುತ್ತದೆ. ಆದರೆ ಸೋನುವಿನ ಮಾತನ್ನೂ ಮಗನೇ ಬರೆದದ್ದು. ಮಗನ ಕಿವಿಗೆ ಅವ್ವ ಎಷ್ಟು ಹೇಳುತ್ತಾಳೆ? ನಮ್ಮ ಅನುಭವದಲ್ಲಿ ಅರ್ಧ. ಉಳಿದರ್ಧ ಓದಬೇಕಾದರೆ ಹೆಂಗಸರೇ ಬರೆದದ್ದಕ್ಕೆ ಹೋಗಬೇಕು. ಬೇಬಿ ಕಾಂಬಳೆ 'ಜಿಣ ಆಮುಚ' ಬರೆದು ಸುಮಾರು ಇಪ್ಪತ್ತು ವರ್ಷ ಗಂಡನ ಕಣ್ಣಿಗೆ ಬೀಳದ ಹಾಗೆ ಮುಚ್ಚಿಟ್ಟಿದ್ದರು. 1980ರ ದಶಕದಲ್ಲಿ ಅದು ಅಚ್ಚಾಯಿತು. ಫಲ್ಟಣದಲ್ಲಿ ಅಂಗಡಿ ನಡೆಸುತ್ತ, ಸಾಮಾನು ಕಟ್ಟುವ ಕಾಗದ ಓದುತ್ತ ಓದುತ್ತ ಬರಹಕ್ಕೆ ಬಂದ ಹೆಂಗಸು. ಊರಿನವರು ಮಹಾರರನ್ನು ತುಳಿದದ್ದನ್ನು ಬರೆದ ಕೈಯಲ್ಲೇ ಮಹಾರ ಗಂಡಸರು ಹೆಂಡಿರನ್ನು ತುಳಿದದ್ದನ್ನೂ ಬರೆದರು. ಮಲ್ಲಿಕಾ ಅಮರ್ ಶೇಖ್ 1984ರಲ್ಲಿ ನಾಮದೇವ ಢಸಾಳರ ಜೊತೆಗಿನ ಬದುಕನ್ನು ಬರೆದಾಗ ಚಳವಳಿಯ ಗಂಡಸರು ಕೆಲವರಿಗೆ ತಲೆ ಎತ್ತಲಾಗಲಿಲ್ಲ. ಢಸಾಳರು ದೊಡ್ಡ ಕವಿ, 1972ರಲ್ಲಿ ಪ್ಯಾಂಥರ್ ಕಟ್ಟಿದವರಲ್ಲಿ ಒಬ್ಬರು, ನಮ್ಮ ಪದ್ಯಗಳಿಗೆ ಅವರ ಋಣ ಇದೆ. ಋಣ ಇದೆ ಅಂತ ಮಲ್ಲಿಕಾ ಬರೆದದ್ದನ್ನು ಓದದೆ ಇರಲು ಆಗುವುದಿಲ್ಲ.

ನಮ್ಮವರ ಒಳಗಿನ ಹುಳುಕು ಬರೆದರೆ ಊರಿನವರು ನಗುತ್ತಾರೆ ಅನ್ನುವ ವಾದ ನಮಗೆ ಗೊತ್ತು. ದಯಾ ಪವಾರ್ 1978ರಲ್ಲಿ 'ಬಲುತ' ಬರೆದು ಡಾಕ್‌ನಲ್ಲಿ ದುಡಿಯುತ್ತಿದ್ದ ಅಪ್ಪನ ಕುಡಿತವನ್ನೂ ಬಿಡದೆ ಹೇಳಿದಾಗ ನಮ್ಮವರೇ ಬೈದರು, ಕಸದ ತೊಟ್ಟಿ ಯಾಕೆ ಕೆದಕುತ್ತೀಯ ಅಂತ. ಆದರೆ ಅವರು ಆ ಅಪ್ಪನನ್ನು ಕೀಳು ಮಾಡಲಿಲ್ಲ. ಕುಡಿಯುವ ಅಪ್ಪ, ಮಗನನ್ನು ಪ್ರೀತಿಸುವ ಅಪ್ಪ ಇಬ್ಬರೂ ಒಂದೇ ಚರ್ಮದೊಳಗೆ ಇದ್ದರು ಅಂತ ತೋರಿಸಿದರು. ಶರಣಕುಮಾರ ಲಿಂಬಾಳೆಯವರ 'ಅಕ್ಕರಮಾಶಿ' ಇನ್ನೂ ಒಂದು ಹೆಜ್ಜೆ ಮುಂದೆ. ಅಕ್ಕಲಕೋಟೆಯ ಕಡೆಯ, ಕನ್ನಡ ಮರಾಠಿ ಎರಡೂ ಆಡುವ ನೆಲದ ಕತೆ ಅದು. ಹುಟ್ಟಿಸಿದ ಅಪ್ಪ ಪಾಟೀಲ, ಹೆಸರು ಕೊಡಲು ಒಲ್ಲ. ಶಾಲೆಯಲ್ಲಿ ಅಪ್ಪನ ಹೆಸರು ಕೇಳುತ್ತಾರೆ. ಆ ಹುಡುಗನನ್ನು ಎತ್ತಿ ಆಡಿಸಿ ಅನ್ನ ಹಾಕಿದವನು ಅಜ್ಜಿಯ ಜೊತೆಗಿದ್ದ ಮುಸಲ್ಮಾನ ಮುದುಕ, ಬಸ್‌ಸ್ಟ್ಯಾಂಡಿನ ಹಮಾಲಿ. ಜಾತಿಯೂ ಇಲ್ಲ, ರಕ್ತವೂ ಇಲ್ಲ, ಆದರೆ ಅಪ್ಪತನ ಅಷ್ಟೂ ಅವನದೆ. ಅರ್ಜಿಯ ಕಾಗದದಲ್ಲಿ ತಂದೆಯ ಹೆಸರು ಅಂತ ಒಂದು ಗೆರೆ ಬಿಟ್ಟಿರುತ್ತಾರಲ್ಲ, ಆ ಗೆರೆಯ ಮೇಲೆ ಈ ಹಮಾಲಿಯನ್ನು ಬರೆಯಲು ಯಾವ ಹೆಡ್‌ಮಾಸ್ತರೂ ಒಪ್ಪುವುದಿಲ್ಲ. ಪುಸ್ತಕ ಒಪ್ಪಿಕೊಂಡಿತು.

ಕನ್ನಡದಲ್ಲಿ ಅಪ್ಪನನ್ನು ಭಯಭಕ್ತಿ ಇಲ್ಲದೆ ಬರೆದ ಪುಸ್ತಕ ಯಾವುದು ಅಂದರೆ ತೇಜಸ್ವಿಯವರ 'ಅಣ್ಣನ ನೆನಪು' ಅಂತ ಎಲ್ಲರೂ ಹೇಳುತ್ತಾರೆ. ನಾವೂ ಹೇಳುತ್ತೇವೆ. ಕುವೆಂಪು ಅನ್ನುವ ಬೆಟ್ಟವನ್ನು ಮನೆಯ ಅಂಗಳಕ್ಕೆ ಇಳಿಸಿ ಕೂರಿಸಿದ ಪುಸ್ತಕ ಅದು. ಉದಯರವಿಯ ಪುಸ್ತಕದ ಕಪಾಟು, ತೋಟ, ಬಿಡುವು ಯಾವುದೂ ನಮ್ಮ ಅಪ್ಪಂದಿರಿಗೆ ಇರಲಿಲ್ಲ ಅನ್ನುವುದು ನಿಜ. ಆದರೂ ಅಪ್ಪನ ಜೊತೆ ತಮಾಷೆಯಾಗಿ ಮಾತಾಡುವ ಆ ಗದ್ಯವನ್ನು ನಾವು ಕದಿಯಬೇಕು. ಕದ್ದರೆ ತಪ್ಪಿಲ್ಲ.

ಓದಿದ್ದು ಇಷ್ಟು. ಆಮೇಲೆ ನಾವು ಅಪ್ಪನ ಮೇಲೆ ಎರಡು ಪುಟ ಬರೆದು ಅವ್ವನಿಗೆ ಓದಿ ಹೇಳಿದೆವು. ಸೈಕಲ್, ತಮಟೆ, ರೇಡಿಯೋ, ಮೊಳೆಯಲ್ಲಿ ಕೊರೆದ ಹೆಸರು ಎಲ್ಲ ಬಂತು. ಅವ್ವ ಒಂದೆರಡು ಕಡೆ ನಕ್ಕಳು, ಸೆರಗಿನಲ್ಲಿ ಕಣ್ಣೊರೆಸಿಕೊಂಡಳು. ಮುಗಿದ ಮೇಲೆ ಸ್ವಲ್ಪ ಹೊತ್ತು ಸುಮ್ಮನಿದ್ದು, 'ಎಲ್ಲಾ ಚೆಂದಾಗದೆ. ಆ ಎರಡೇಟು ಎಲ್ಲೋದ್ವು?' ಅಂದಳು.

ನಮಗೆ ಗೊತ್ತಿತ್ತು. ಅಕ್ಕನ ಮದುವೆಯ ವರ್ಷ, ಸಂಘದ ಸಾಲದ ದುಡ್ಡಿನ ವಿಷಯಕ್ಕೆ ಅಪ್ಪ ಕುಡಿದು ಬಂದು ಅವ್ವನಿಗೆ ಹೊಡೆದದ್ದು. ನಾವು ಬಾಗಿಲ ಹಿಂದೆ ನಿಂತಿದ್ದೆವು. ಬರೆಯುವಾಗ ಅದು ನೆನಪಿಗೆ ಬರಲಿಲ್ಲ ಅಂದರೆ ಸುಳ್ಳಾಗುತ್ತದೆ. ಬಂದಿತ್ತು, ಬಿಟ್ಟೆವು. ಬಲುತದ ಪರವಾಗಿ, ಬೇಬಿ ಕಾಂಬಳೆಯ ಪರವಾಗಿ ಹಾಸ್ಟೆಲಿನಲ್ಲಿ ರಾತ್ರಿಯೆಲ್ಲ ವಾದ ಮಾಡಿದ ನಾವು ನಮ್ಮ ಮನೆಯ ಬಾಗಿಲಲ್ಲಿ ವಡೀಲ್ ಅಂತ ಬರೆದು ಬಿಟ್ಟಿದ್ದೆವು.

'ಬರೀಬೇಕಾ ಅವ್ವ' ಅಂದೆವು.

'ಬರೀರಿ. ಹೊಡ್ದ ಅಂತ ಬರೀರಿ. ಬೆಳಿಗ್ಗೆ ಎದ್ದು ನೀರು ಕಾಯ್ಸಿ ಕೊಟ್ಟ ಅಂತ್ಲೂ ಬರೀರಿ. ನಾನು ನಾಕ್ ದಿನ ಮಾತಾಡ್ಲಿಲ್ಲ ಅಂತ್ಲೂ ಬರೀರಿ. ಐದ್ನೇ ದಿನ ಏನೋ ಅಂದು ನಗಿಸ್ಬುಟ್ಟ, ಅದೇನಂದ ಅಂತ ಮಾತ್ರ ನಿಮ್ಗೆ ಹೇಳಕಿಲ್ಲ.'

ಈ ನಾಲ್ಕು ಮಾತಿನಲ್ಲಿ ಇರುವ ಅಪ್ಪ ನಮ್ಮ ಎರಡು ಪುಟದಲ್ಲಿ ಇರಲಿಲ್ಲ. ಹೇಳದೆ ಉಳಿಸಿಕೊಂಡ ಆ ಒಂದು ಮಾತಿನ ಮೇಲೆ ಮಕ್ಕಳಿಗಾಗಲಿ ಚಳವಳಿಗಾಗಲಿ ಸಾಹಿತ್ಯಕ್ಕಾಗಲಿ ಹಕ್ಕಿಲ್ಲ ಅನ್ನುವುದನ್ನೂ ಒಪ್ಪಿಕೊಂಡೆವು, ಸ್ವಲ್ಪ ಹೊಟ್ಟೆಕಿಚ್ಚಿನಿಂದ.

ಫ್ಲೆಕ್ಸ್ ಕೊನೆಗೂ ಆಗಲಿಲ್ಲ. ಅಪ್ಪನ ಫೋಟೋ ಅಂತ ಇದ್ದದ್ದು ಆಧಾರ್ ಕಾರ್ಡಿನದು ಒಂದೇ, ಅದರಲ್ಲಿ ಅವನು ಯಾರೋ ಗದರಿಸಿ ಕೂರಿಸಿದ ಹಾಗೆ ಕೂತಿದ್ದಾನೆ. ಈಗ ರಜೆಯಲ್ಲಿ ರಾತ್ರಿ ಹೊತ್ತು ಅವ್ವ ಹೇಳುತ್ತಾಳೆ, ನಾವು ನೋಟ್‌ಬುಕ್ಕಿನಲ್ಲಿ ಬರೆದುಕೊಳ್ಳುತ್ತೇವೆ. ನಿಮ್ಮಪ್ಪನ ಕತೆ ಹೇಳ್ತೀನಿ ಅಂತಲೇ ಶುರು ಮಾಡಿದಳು. ತನ್ನ ಅವ್ವನಿಂದ ಹಿಡಿದುಕೊಂಡು, ತಾನು ಕುರಿ ಕಾಯ್ದ ಗುಡ್ಡ, ಬಿಟ್ಟುಹೋದ ಶಾಲೆ, ಬಾವಿಗೆ ಬಿದ್ದ ಗೆಳತಿ ಅಂತ ಹದಿನಾರು ಹಾಳೆಯಾಗಿದೆ. ಅಪ್ಪ ಇನ್ನೂ ಬಂದಿಲ್ಲ.